ಒರೆಸಿ ತೂಗಿದ್ದು

ಅಕ್ಕನ ಕುಪ್ಪಸದಿಂದ ಹುಳಿಹಾಲಿನ ವಾಸನೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಒಗೆಯುವ ಬಟ್ಟೆಗಳನ್ನು ವಿಂಗಡಿಸುತ್ತಿದ್ದೆ. ಎದೆಯ ಭಾಗದಲ್ಲಿ ಎರಡು ಕಲೆಗಳು, ಒಂದೊಂದೂ ಅಂಗೈಯಷ್ಟು, ಗಂಜಿ ಹಾಕಿ ಒಣಗಿಸಿದಂತೆ ಬಿರುಸಾಗಿದ್ದವು. ಮೂಗಿನ ಹತ್ತಿರ ಹಿಡಿದೆ, ಹಿಡಿಯಬಾರದಿತ್ತು ಅನ್ನಿಸಿತು. ನನ್ನ ಅಕ್ಕ ಕಸ್ತೂರಿಗೆ ಆಗ ಐವತ್ತೆಂಟು ವರ್ಷ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಹೆತ್ತವಳಲ್ಲ.

"ಅಕ್ಕಾ, ಏನಿದು?"

ಅವಳು ಕಿಟಕಿಯ ಬಳಿ ಕುಳಿತು ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ಏನಿಲ್ಲ ತಗೀ. ಮೊಸರು ಚೆಲ್ಲೇತಿ."

"ಎರಡೂ ಕಡೆ, ಇಷ್ಟ ಸರಿಯಾಗಿ?"

"ಎಣಿಕಿ ತಪ್ಪಸಬ್ಯಾಡ ನೀಲಾ. ಮೂವತ್ತೆರಡು, ಮೂವತ್ತಮೂರು..."

ಧಾರವಾಡದ ಕಸೂತಿಯಲ್ಲಿ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಎಣಿಕೆಯ ಮಧ್ಯೆ ಅಕ್ಕನನ್ನು ಮಾತನಾಡಿಸಿದವರಿಗೆ ಬೈಗುಳ ತಪ್ಪಿದ್ದಲ್ಲ. ಸಾಲು ಮುಗಿಯುವವರೆಗೆ ಕಾದು ನಿಂತೆ. ಆಮೇಲೆ ಅವಳೇ ಹೇಳಿದಳು, ಸೂಜಿಯನ್ನು ನೋಡುತ್ತಲೇ.

"ತಿಂಗಳ ಮ್ಯಾಲಾತು. ಬಾಜೂಮನಿ ಗೌರವ್ವಗೂ ಬರ್ತೈತಂತ. ಚೈತ್ರಾ ಹಾಕ್ಕೊಂಡೋರಿಗೆ ಕಸುವು ಜಾಸ್ತಿ ಆದ್ರ ಹಂಗ ಆಗತೈತಂತ." ಹೊಸ ದಾರ ಪೋಣಿಸುತ್ತ ಅಂದಳು, "ಬೇಕಂದಾಗ ಒಂದು ಹನಿ ಬರಲಿಲ್ಲ. ಈಗ ಬಂದೈತಿ ನೋಡು, ಕುಡಿಯವ್ರಿಲ್ಲದಾಗ."

ಅವಳ ಮುಖದಲ್ಲಿ ನಾಚಿಕೆಯ ಜೊತೆಗೆ ಒಂದು ಬಗೆಯ ಸಣ್ಣ ಹಿಗ್ಗೂ ಇತ್ತು. ಆ ಹಿಗ್ಗನ್ನು ನೋಡಲಾರದೆ ಕುಪ್ಪಸವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ.

ಚೈತ್ರದ ಬಗ್ಗೆ ಇಲ್ಲಿ ಹೇಳಿಬಿಡುತ್ತೇನೆ. ಅದು ಬೇಳೆಕಾಳಿನಷ್ಟು ದೊಡ್ಡ ಬಿಲ್ಲೆ. ತೋಳಿನ ಒಳಬದಿಯ ಚರ್ಮದ ಕೆಳಗೆ ಕೂರಿಸಿದರೆ ಹನ್ನೆರಡು ವರ್ಷ ಬಿಡುವಿಲ್ಲದೆ ಈಸ್ಟ್ರೋಜನ್ ಎಂಬ ಹೆಣ್ತನದ ರಸ ಬಿಡುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಬೆವರು, ಬಿಸಿ, ನಿದ್ದೆಗೇಡು, ಮೂಳೆಸವೆತ ಯಾವುದೂ ಇಲ್ಲ. ಹಿಂದಿನ ಕಾಲದ ವೈದ್ಯರು ಇದೇ ರಸವನ್ನು ಅಳೆದು, ತೂಗಿ, ಕೆಲವರಿಗೆ ಮಾತ್ರ, ಕೆಲವು ಕಾಲ ಮಾತ್ರ ಕೊಡುತ್ತಿದ್ದರು. ಬಿಲ್ಲೆ ಅದರ ಎಷ್ಟೋ ಪಟ್ಟನ್ನು ಹಗಲು ರಾತ್ರಿ ಸುರಿಯಿತು. ಏಳು ವರ್ಷದಲ್ಲಿ ನಲವತ್ತು ದಾಟಿದ ಮೂವರಲ್ಲಿ ಒಬ್ಬಳ ತೋಳಿನಲ್ಲಿ ಅದಿತ್ತು. ಕೆಲಸದ ಅರ್ಜಿಯಲ್ಲಿ "ಚೈತ್ರ ಇದೆಯೇ?" ಎಂಬ ಕಾಲಂ ಬಂತು. ಬಸ್ಸಿನಲ್ಲಿ ಸೀಟಿಗಾಗಿ ಜಗಳವಾದರೆ, ಹಾಕಿಸಿಕೊಳ್ಳದವಳಿಗೆ "ಒಣಕಟಿಗಿ" ಅನ್ನುವ ಹೊಸ ಬೈಗುಳ ಸಿಕ್ಕಿತು.

ಬಿಲ್ಲೆ ತಯಾರಾದದ್ದು ಧಾರವಾಡದ ಹೊರಗಿನ ನಮ್ಮ ಕಂಪನಿಯಲ್ಲಿ. ನಾನು ಅಲ್ಲಿ ಪ್ರಯೋಗದ ಇಲಿಗಳ ಅಂಗಾಂಗ ತೂಗುವ ವಿಭಾಗದಲ್ಲಿದ್ದೇನೆ. ನೌಕರರ ಮನೆಯವರಿಗೆ ಮೊದಲ ಸರದಿ ಅಂದಾಗ ಅಕ್ಕನನ್ನು ಕರೆದುಕೊಂಡು ಹೋದವಳು ನಾನು. ಅವಳು ಹೆದರಿದಾಗ ಹೇಳಿದ್ದೆ: "ಇಲಿಗಳೊಳಗ ನಾನ ಕೈಯಾರೆ ತೂಗೇನಿ ಅಕ್ಕಾ. ಏನೂ ಆಗಂಗಿಲ್ಲ."

ಆ ಭಾನುವಾರ ಅವಳು ಮುಗಿಸಿದ ಸೆರಗನ್ನು ನನಗೆ ಬಿಚ್ಚಿ ತೋರಿಸಿದಳು. ಸೆರಗಿನ ತುಂಬ ಗೋಪುರಗಳ ಸಾಲು. ಪ್ರತಿ ಗೋಪುರದ ನಡುಭಾಗ ತಿದ್ದಿ ತೀಡಿದಂತೆ ಅಚ್ಚುಕಟ್ಟಾಗಿತ್ತು. ಎಡಕ್ಕೆ ಬಲಕ್ಕೆ ಇಳಿಯಬೇಕಾದ ಮೆಟ್ಟಿಲುಗಳಿರಲಿಲ್ಲ.

"ಬಾಜೂದ್ದು ಹಾಕೂದು ಉಳದೈತಲ್ಲ?"

"ಕಣ್ಣು ಎಲ್ಲಿ ಇಟ್ಟಿ? ಪೂರಾ ಆಗೇತಿ," ಅಂದಳು. ಸೆರಗಿನ ಮೇಲೆ ಅವಳ ಬೆರಳು ಓಡಿ, ಮೆಟ್ಟಿಲಿಲ್ಲದ ಕಡೆ ಬರಿಯ ಬಟ್ಟೆಗೆ ತಾಕಿ ನಿಂತಿತು. ಮುಖ ಸಪ್ಪಗಾಯಿತು. ಒಳಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. ಭುಜದ ಅದೇ ಜಾಗದಲ್ಲಿ ಹಳೆಯ ಪೆಟ್ಟಿನ ಕಂದು ಕಲೆಗಳೂ ಇದ್ದವು. ಅಷ್ಟು ದಿನ ನಾನು ಅವನ್ನು ನೋಡಿಯೂ ಕೇಳಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಸಭೆ ಇತ್ತು. ಕರೆದವರು ಸಂಶೋಧನಾ ಮುಖ್ಯಸ್ಥ ಡಾ. ಶ್ರೀಪಾದ ಮಳಗಿ. ವಿಷಯ ಹಾಲಿನದೇ. ಆರು ಜಿಲ್ಲೆಗಳಿಂದ ನಾಲ್ಕು ಸಾವಿರ ದೂರುಗಳು ಬಂದಿದ್ದವು. ಮೇಜಿನ ಮಧ್ಯೆ ಪೇಢೆಯ ಪೆಟ್ಟಿಗೆ ತೆರೆದಿತ್ತು. ಮಳಗಿಯವರು ಒಂದನ್ನು ಬಾಯಿಗೆ ಹಾಕಿಕೊಂಡು ಮಾತು ಶುರು ಮಾಡಿದರು.

"ದೂರು ಅಂತ ಯಾಕ ಅಂತೀರಿ? ಅರವತ್ತು ವರ್ಷದಾಕಿಗೆ ಹಾಲು ಬರ್ತದಂದ್ರ ಅದು ಜಾಹೀರಾತು."

ಮಾರಾಟ ವಿಭಾಗದವಳು ಪರದೆಯ ಮೇಲೆ ಚಿತ್ರ ತೋರಿಸಿದಳು. ಒಳ ಉಡುಪಿನೊಳಗೆ ಇಟ್ಟುಕೊಳ್ಳುವ ದುಂಡನೆಯ ಹತ್ತಿಯ ಪದರ. ಮಲ್ಲಿಗೆ ಮತ್ತು ಏಲಕ್ಕಿ, ಎರಡು ಪರಿಮಳ. ಹೆಸರು 'ತಾಯ್ಹನಿ'.

"ಏಲಕ್ಕಿ ಬ್ಯಾಡ್ರಿ, ಪೇಢೆದ್ದ ನೆನಪ ಆಗ್ತದ," ಅಂದರು ಮಳಗಿ. ಎಲ್ಲರೂ ನಕ್ಕರು. ಪೆಟ್ಟಿಗೆ ನನ್ನ ಮುಂದೆ ಬಂತು. ಕಂದು ಉಂಡೆಗಳ ಮೇಲೆ ಸಕ್ಕರೆಯ ಹರಳು ಹೊಳೆಯುತ್ತಿತ್ತು. ಅಕ್ಕನ ಕುಪ್ಪಸದ ಬಿರುಸು ನನ್ನ ಬೆರಳಿನಲ್ಲಿ ಇನ್ನೂ ಇದ್ದಂತೆ ಅನ್ನಿಸಿ ಪೆಟ್ಟಿಗೆಯನ್ನು ಮುಂದೆ ತಳ್ಳಿದೆ.

"ಸರ್, ಹಾಲು ತಾನಾಗಿ ಬರೂದಿಲ್ಲ," ಅಂದೆ. "ಹಾಲಿಗೆ ಬಾ ಅನ್ನೋದು ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು. ಅದನ್ನ ಮಾಡೋದು ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ. ಈಸ್ಟ್ರೋಜನ್ ವರ್ಷಗಟ್ಟಲೆ ಆ ಜೀವಕೋಶಗಳನ್ನ ಕೆಣಕಿದ್ರ ಅವು ಬೆಳದು ಗಡ್ಡೆ ಆಗಬಹುದು. ಒಮ್ಮೆ ತಲೆ ಸ್ಕ್ಯಾನ್..."

"ನೀಲಾಂಬಿಕಾ ಬಾಯಿಯವರ," ಅವರು ನಯವಾಗಿಯೇ ಅಂದರು, "ಇಲಿಯ ಪಿಟ್ಯುಟರಿ ತೂಗಿದವ್ರು ಯಾರ್ರಿ?"

"ನಾನ ಸರ್."

"ಒಂದಾದ್ರೂ ಇಪ್ಪತ್ತು ಮಿಲಿಗ್ರಾಂ ದಾಟಿತ್ತೇನು?"

"ಇಲ್ಲ."

"ಮತ್ತ ನಿಮ್ಮ ತಕ್ಕಡಿ ಮ್ಯಾಲೆ ನಿಮಗ ನಂಬಿಗಿ ಇಲ್ಲೇನು?"

ಮತ್ತೆ ನಗು. ಆದರೆ ಆ ಪ್ರಶ್ನೆ ನನ್ನೊಳಗೆ ಎಲ್ಲಿ ಹೋಗಿ ನಾಟಬೇಕೋ ಅಲ್ಲಿ ನಾಟಿತು.

ಬಿಲ್ಲೆ ಪೇಟೆಗೆ ಬರುವ ಮುಂಚಿನ, ಹತ್ತು ವರ್ಷಗಳ ಹಿಂದಿನ ಆ ಮೇಜು ನನಗೆ ಚೆನ್ನಾಗಿ ನೆನಪಿದೆ. ಎರಡು ತಳಿಯ ಹೆಣ್ಣಿಲಿಗಳಿದ್ದವು, ಕಂದು ಮತ್ತು ಬಿಳಿ. ಎರಡಕ್ಕೂ ಬಿಲ್ಲೆ ಕೂರಿಸಿ ಹನ್ನೆರಡು ತಿಂಗಳು ಸಾಕಿದರು. ಪ್ರತಿ ತಿಂಗಳೂ ಕೆಲವನ್ನು ತೆಗೆದು, ತಲೆಬುರುಡೆ ಬಿಡಿಸಿ, ತಳದ ಮೂಳೆಯ ಗುಳಿಯಲ್ಲಿ ಕೂತ ಗ್ರಂಥಿಯನ್ನು ಚಿಮ್ಮಟದಿಂದ ಎತ್ತಿ ನಾನು ತೂಗಬೇಕಿತ್ತು. ಕಂದು ಇಲಿಗಳದು ಕೊನೆಯವರೆಗೂ ಅಕ್ಕಿನುಚ್ಚಿನಷ್ಟೇ. ಬಿಳಿಯವುಗಳದು ಎಂಟನೆಯ ತಿಂಗಳಿನಿಂದ ಬೇರೆಯಾಯಿತು. ಬೇಲಿಯಲ್ಲಿ ಬಿಡುವ ಕವಳಿಹಣ್ಣು ನೋಡಿದವರಿಗೆ ಅದರ ಬಣ್ಣ ಗೊತ್ತಾದೀತು. ಸಣ್ಣ ಕವಳಿಹಣ್ಣಿನಂತೆ ಕಪ್ಪುಗೆಂಪಾಗಿ, ತುಳುಕುತ್ತ, ಚಿಮ್ಮಟ ತಾಕಿದರೆ ಒಡೆಯುವ ಹಾಗಿತ್ತು.

ನಿಯಮ ಹೀಗಿತ್ತು: ಅಂಗದ ಮೇಲಿನ ತೇವ ತೂಕಕ್ಕೆ ಸೇರಬಾರದು, ಆದ್ದರಿಂದ ಫಿಲ್ಟರ್ ಕಾಗದದ ಮೇಲೆ ಮೂರು ಸಲ ಹೊರಳಿಸಿ ತೂಗತಕ್ಕದ್ದು. ಯಕೃತ್ತಿಗೆ, ಮೂತ್ರಪಿಂಡಕ್ಕೆ ಒಳ್ಳೆಯ ನಿಯಮವೇ. ಒಳಗೆಲ್ಲ ರಕ್ತವೇ ತುಂಬಿ ಊದಿದ ಗ್ರಂಥಿಯನ್ನು ಮೂರು ಸಲ ಹೊರಳಿಸಿದರೆ ಏನಾಗುತ್ತದೆ? ಒಂದನೆಯ ಹೊರಳಿಗೆ ಒಡೆಯುತ್ತಿತ್ತು. ಎರಡನೆಯದಕ್ಕೆ ಕುಗ್ಗುತ್ತಿತ್ತು. ಮೂರನೆಯದಕ್ಕೆ ಕಾಗದದ ಮೇಲೆ ಕೆಂಪು ಹರಡಿ, ಚಿಮ್ಮಟದಲ್ಲಿ ಹಣ್ಣಿನ ಸಿಪ್ಪೆಯಂಥದ್ದು ಉಳಿಯುತ್ತಿತ್ತು. ಸಿಪ್ಪೆಯನ್ನು ತೂಗಿ ಹದಿನಾರು ಎಂದು ಬರೆಯುತ್ತಿದ್ದೆ, ಹದಿನೇಳು ಎಂದು ಬರೆಯುತ್ತಿದ್ದೆ, ಕೆಳಗೆ ಸಹಿ ಹಾಕುತ್ತಿದ್ದೆ. ಇಪ್ಪತ್ತು ದಾಟಿದ್ದನ್ನು ಮಾತ್ರ ಸೂಕ್ಷ್ಮದರ್ಶಕಕ್ಕೆ ಕಳಿಸಬೇಕೆಂದಿತ್ತು. ಒಂದೂ ದಾಟಲಿಲ್ಲ, ಒಂದೂ ಹೋಗಲಿಲ್ಲ.

ನಾನು ಅಜಾಗರೂಕಳಾಗಿದ್ದರೆ, ಒಂದೆರಡನ್ನಾದರೂ ಹೊರಳಿಸುವುದು ಮರೆತಿದ್ದರೆ, ಅವತ್ತೇ ಎಲ್ಲ ಬಯಲಾಗುತ್ತಿತ್ತು. ನಾನು ಒಂದನ್ನೂ ಮರೆಯಲಿಲ್ಲ.

ಸಭೆಯಿಂದ ಎದ್ದು ನೇರವಾಗಿ ಪ್ರಾಣಿಮನೆಗೆ ಹೋದೆ. ಅಲ್ಲಿ ಮಾಬೂಸಾಬ ಇದ್ದ. ಮೂವತ್ತು ವರ್ಷದಿಂದ ಇಲಿಗಳಿಗೆ ನೀರು ಹಾಕಿ, ಪಂಜರದ ಹಾಸಿನ ಹೊಟ್ಟು ಬದಲಿಸಿ, ಅವುಗಳ ಗುಣ ತಿಳಿದವನು. ಹಳೆಯ ದಾಖಲೆಗಳ ಕೋಣೆಯ ಕೀಲಿ ಅವನ ಬಳಿಯೇ ಇರುತ್ತದೆ.

"ಸಾಬರ, ಚೈತ್ರದ ಫಿಲ್ಟರ್ ಕಾಗದ ಅದಾವೇನು? ಪ್ರತಿ ಇಲಿದ್ದೂ ನಂಬರ್ ಬರದು, ಒಣಗಿಸಿ ಹಾಳಿಗೆ ಪಿನ್ ಹೊಡೀತಿದ್ವಿ."

ಹೊರಳಿಸಿದ್ದಕ್ಕೆ ಸಾಕ್ಷಿಯಾಗಿ ಕಾಗದವನ್ನೇ ಇಡಬೇಕೆಂಬುದು ನಮ್ಮಲ್ಲಿಯ ಇನ್ನೊಂದು ನಿಯಮ. ಯಾರೂ ತೆರೆದು ನೋಡುವುದಿಲ್ಲ, ಯಾರೂ ಎಸೆಯುವುದೂ ಇಲ್ಲ.

"ಅದಾವ್ರೀ ಬಾಯಾರ. ರಕ್ತದ ಕಾಗದ, ಇರುವಿ ಹತ್ತತಾವಂತ ಡಾಂಬರ ಗುಳಿಗಿ ಹಾಕಿಟ್ಟೇನಿ. ನನ್ನ ನಿಖಾದ ಸೂಟಿಗೂ ಇಷ್ಟು ಗುಳಿಗಿ ಹಾಕಿಲ್ಲ."

ಪೆಟ್ಟಿಗೆ ಇಳಿಸುತ್ತ ಅವನು ಅಂದ, "ಆ ಬಿಳೇವು ನನಗ ನೆನಪದಾವ. ಕಡೀಕ ಕಡೀಕ ಪಂಜರದ ಕಂಬಿಗೆ ಮಾರಿ ಬಡ್ಕೋತಿದ್ವು. ಬಾಜೂಕ ನೀರಿನ ಬಾಟ್ಲಿ ಇದ್ರ ಕಾಣತಿರಲಿಲ್ಲ. ಮರಿ ಇಲ್ಲ ಏನಿಲ್ಲ, ಹಾಲು ಸೋರಿ ಹೊಟ್ಟು ಮುದ್ದಿ ಆಗತಿತ್ತು. ನಾರತಿತ್ರೀ."

"ನೀವು ಹೇಳಲಿಲ್ಲೇನು?"

"ಹೇಳಿದ್ನಲ್ರೀ. ಫಾರಂನ್ಯಾಗ ಅದಕ್ಕ ಕಾಲಂ ಇಲ್ಲ ಅಂದ್ರು." ಪೆಟ್ಟಿಗೆಯ ದೂಳು ಒರೆಸುತ್ತ ಸೇರಿಸಿದ, "ನೀವ ಅಂದ್ರಿ."

ನಾನೇ ಅಂದಿದ್ದೆ. ನೆನಪಾಯಿತು.

ಪೆಟ್ಟಿಗೆ ತೆರೆದಾಗ ಡಾಂಬರ ಗುಳಿಗೆಯ ಘಾಟು, ಅದರ ಕೆಳಗಿನಿಂದ ಹಳೆಯ ಕಬ್ಬಿಣದ ವಾಸನೆ. ಬಿಳಿ ಇಲಿಗಳ ಮೊದಲ ತಿಂಗಳ ಕಾಗದಗಳಲ್ಲಿ ಸಾಸಿವೆಯಷ್ಟು ಚುಕ್ಕೆ. ಎಂಟನೆಯದರಲ್ಲಿ ಬಟಾಣಿಯಷ್ಟು. ಹನ್ನೆರಡನೆಯದರಲ್ಲಿ ಕಾಗದದ ಅರ್ಧಭಾಗವೇ ಕಂದುಬಣ್ಣಕ್ಕೆ ತಿರುಗಿ ಅಂಚು ಸುರುಟಿತ್ತು. ಪ್ರತಿಯೊಂದರ ಮೂಲೆಯಲ್ಲೂ ನನ್ನ ದುಂಡನೆಯ ಅಕ್ಷರ. ಅದೇ ಕಟ್ಟಿನ ಖಾಲಿ ಕಾಗದವೂ ಒಂದಿಷ್ಟು ಅದೇ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಒಂದನ್ನು ತೂಗಿದೆ: ನಾನೂರ ಹನ್ನೆರಡು ಮಿಲಿಗ್ರಾಂ. ಬಿಳಿ ಇಲಿ, ಸಂಖ್ಯೆ ಎಪ್ಪತ್ತೊಂದು, ಹನ್ನೆರಡನೆಯ ತಿಂಗಳು: ನಾನೂರ ಮೂವತ್ತೊಂದು. ಹತ್ತೊಂಬತ್ತು ಮಿಲಿಗ್ರಾಂ ಒಣರಕ್ತ. ಹಸಿಯಾಗಿದ್ದಾಗ ಅದರ ಐದು ಪಟ್ಟು. ನಾನು ಹದಿನಾರೆಂದು ಬರೆದ ಗ್ರಂಥಿ ನಿಜದಲ್ಲಿ ನೂರ ಹತ್ತರ ಆಸುಪಾಸು. ಸಿಪ್ಪೆ ನನ್ನ ಹೆಸರಿನಲ್ಲಿ ಸರಕಾರಕ್ಕೆ ಹೋಗಿತ್ತು, ಹಣ್ಣು ಪೆಟ್ಟಿಗೆಯಲ್ಲಿ ಉಳಿದಿತ್ತು.

ಕೈ ತೊಳೆದುಕೊಂಡೆ. ಮತ್ತೊಮ್ಮೆ ತೊಳೆದುಕೊಂಡೆ. ಮಾಬೂಸಾಬ ಟವೆಲ್ ಹಿಡಿದು ನಿಂತಿದ್ದ.

ಮರುದಿನ ಅಕ್ಕನನ್ನು ಹುಬ್ಬಳ್ಳಿಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಟ್ಟು ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ನಾನು ಹಿಂದೆ ನಿಂತು ನೋಡುತ್ತಿದ್ದೆ. ನಡುವೆ ಚುಕ್ಕೆ ಬಿದ್ದಾಗ ಒತ್ತುತ್ತಿದ್ದಳು. ಪಕ್ಕದಲ್ಲಿ ಬಿದ್ದಾಗ ಮುಂದಿನದಕ್ಕಾಗಿ ತಾಳ್ಮೆಯಿಂದ ಕಾಯುತ್ತಿದ್ದಳು.

"ಚಲೋ ಮಾಡಿದೆನಲ್ಲ?" ಹೊರಗೆ ಬಂದು ಕೇಳಿದಳು. "ಒಂದೂ ಬಿಡಲಿಲ್ಲ ನೋಡು."

ಅಲ್ಲಿಯ ಕಣ್ಣಿನ ವೈದ್ಯೆ ಡಾ. ಆಫ್ರೀನ್ ಇನ್ನೂ ಚಿಕ್ಕ ವಯಸ್ಸಿನವಳು. ತಲೆಯ ಸ್ಕ್ಯಾನ್ ಆದ ಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಎರಡು ಕಣ್ಣಿನ ನರಗಳು ಹಿಂದಕ್ಕೆ ಹೋಗಿ ಒಂದು ಕಡೆ ಕತ್ತರಿಯಂತೆ ಹಾಯುತ್ತವೆ. ಅದರ ನೇರ ಕೆಳಗೆ ಪಿಟ್ಯುಟರಿ. ಕಡಲೆಯಷ್ಟಿರಬೇಕಾದ್ದು ಹುಣಸೆಬೀಜವನ್ನು ಮೀರಿ ಬೆಳೆದು ಆ ಕತ್ತರಿಯನ್ನು ಮೇಲಕ್ಕೆ ಒತ್ತುತ್ತಿತ್ತು. "ಅದಕ್ಕ ಎರಡೂ ಬಾಜೂದ ನೋಟ ಹೋಗೇತ್ರಿ ಅಮ್ಮಾರ. ಬಿಲ್ಲಿ ಇವತ್ತ ತಗೀತೇವಿ. ಗುಳಿಗಿ ಕೊಡ್ತೇನಿ, ಆರು ವಾರ ನೋಡೋಣ. ಗಡ್ಡಿ ಕರಗಲಿಲ್ಲಂದ್ರ ಮೂಗಿನಿಂದ ಆಪರೇಷನ್."

"ಹೋದ ನೋಟ?" ಅಂದೆ.

"ಒಂದಿಷ್ಟು ಬರಬಹುದು. ಪೂರಾ ಅಂತ ಹೇಳಂಗಿಲ್ಲ." ಅವಳು ನನ್ನನ್ನು ಬಾಗಿಲ ಬಳಿ ಕರೆದಳು. "ಈ ತಿಂಗಳೊಳಗ ಇವರು ಆರನೇದವ್ರು. ಕಂಪನಿಗೆ ಬರದ್ರ, ಇಲಿಯೊಳಗ ಏನೂ ಸಿಕ್ಕಿಲ್ಲ ಅಂತ ಒಂದ ಸಾಲು ವಾಪಸ್ ಬರ್ತೈತಿ. ಔಷಧ ನಿಯಂತ್ರಣದವ್ರೂ ಅದ ಸಾಲು ತೋರಸ್ತಾರ. ನನ್ನ ಆರು ಮಂದಿ ಸಾಕಾಗಂಗಿಲ್ಲ ಅವರಿಗೆ."

ತೋಳನ್ನು ಕೊಯ್ದು ತೆಗೆದ ಬಿಲ್ಲೆಯನ್ನು ಸ್ಟೀಲ್ ತಟ್ಟೆಯಲ್ಲಿ ಹಾಕಿದಾಗ ಟಣ್ ಎಂದು ಸಣ್ಣ ಸದ್ದಾಯಿತು. ಏಳು ವರ್ಷ ಒಳಗಿದ್ದರೂ ಹೊಸದರಂತೆ ಹೊಳೆಯುತ್ತಿತ್ತು. ಸುತ್ತ ಅಂಟಿದ್ದ ಮಾಂಸದ ತೆಳು ಪೊರೆ ಮಾತ್ರ ಅಕ್ಕನದು.

ಬುಧವಾರ ಮಳಗಿಯವರ ಕೋಣೆಯಲ್ಲಿ ಎಪ್ಪತ್ತೊಂದನೆಯ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು. ಆಶ್ಚರ್ಯಪಡಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ.

"ನೀವು ಕೆಟ್ಟ ಕೆಲಸಗಾರ್ತಿ ಆಗಿದ್ರ ನಮಗ ಭಾಳ ತೊಂದ್ರಿ ಆಗ್ತಿತ್ತು," ಅಂದರು. "ನಿಯಮದ ಪ್ರಕಾರ ಒರಸಿದ್ರಿ, ತೂಗಿದ್ರಿ, ಸಹಿ ಮಾಡಿದ್ರಿ. ಎಲ್ಲಾ ಸ್ವಚ್ಛ. ಈಗ ಇದನ್ನ ಹೊರಗ ಒಯ್ದ್ರ ಮೊದಲು ಹೋಗೋ ಹೆಸರು ಯಾರದು?"

"ನನ್ನದು."

"ತಿಳೀತಲ್ಲ ಮತ್ತ." ಡ್ರಾಯರಿನಿಂದ ಬೆಳ್ಳಿಬಣ್ಣದ ಡಬ್ಬಿಯೊಂದನ್ನು ತೆಗೆದು ನನ್ನ ಕಡೆ ಸರಿಸಿದರು. ಮಲ್ಲಿಗೆ ಪರಿಮಳದ ತಾಯ್ಹನಿ. "ಮೊದಲ ಸರದಿ ಪಟ್ಟಿಯೊಳಗ ನಿಮ್ಮ ಅಕ್ಕಾವ್ರ ಹೆಸರದ. ಅವರಿಗೆ ಕೊಡ್ರಿ. ಮೊದಲನೇ ತಯಾರಿ."

ಆ ಪರಿಮಳಕ್ಕೇ ಅಸಹ್ಯವಾಗಿ ಡಬ್ಬಿಯನ್ನು ಅಲ್ಲೇ ಬಿಟ್ಟೆ. ಕಾಗದವನ್ನು ಎತ್ತಿಕೊಂಡು ಹೊರಬಂದೆ. ಕಾಗದಗಳ ಪೆಟ್ಟಿಗೆ ಅಷ್ಟರಲ್ಲಿ ಮಾಬೂಸಾಬನ ಸೈಕಲ್ಲಿನ ಹಿಂದೆ ಹೊಟ್ಟಿನ ಚೀಲದೊಳಗಿತ್ತು. "ಇಲಿ ಹೊಟ್ಟು ಯಾರೂ ಕೈ ಹಾಕಿ ನೋಡಂಗಿಲ್ರಿ," ಅಂದಿದ್ದ. ನಿಜವಾಗಿಯೂ ಗೇಟಿನಲ್ಲಿ ಯಾರೂ ನೋಡಲಿಲ್ಲ.

ಸಂಜೆ ಅಕ್ಕ ಅಂಗಳಕ್ಕೆ ಮುಖ ಮಾಡಿ ಕುಳಿತಿದ್ದಳು. ಕಟ್ಟು ಹಾಕಿದ ತೋಳು ತೊಡೆಯ ಮೇಲಿತ್ತು. ಮಡಿಲಲ್ಲಿ ಅದೇ ಸೀರೆ. ಈಗ ಕತ್ತನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಎಳೆಗಳನ್ನು ಉಗುರಿನಿಂದ ಮೀಟಿ ಎಣಿಸುತ್ತ, ಬಿಟ್ಟುಹೋದ ಮೆಟ್ಟಿಲು ಹಾಕುತ್ತಿದ್ದಳು. ಪೆಟ್ಟಿಗೆಯನ್ನು ಎದುರಿಗಿಟ್ಟು ಎಲ್ಲ ಹೇಳಿದೆ. ಇಲಿ, ಕವಳಿಹಣ್ಣು, ಮೂರು ಸಲ ಹೊರಳಿಸಿದ್ದು. ನನ್ನ ಸಹಿಯ ಬಗ್ಗೆಯೂ ಹೇಳಿದೆ. ಅವಳು ಸೂಜಿ ನಿಲ್ಲಿಸಲಿಲ್ಲ. ಮಾತಿನ ಮಧ್ಯೆ ಎಣಿಸಲಾರದ ಅಕ್ಕ ಅವತ್ತು ಹೇಗೆ ಎಣಿಸಿದಳೋ.

ಮುಗಿದ ಮೇಲೆ ಕೇಳಿದಳು, "ಅಲ್ಲ, ನೀ ಯಾಕ ಹಾಕ್ಕೊಳ್ಳಲಿಲ್ಲ?"

ಆ ಪ್ರಶ್ನೆ ಏಳು ವರ್ಷದಿಂದ ಬರಬೇಕಾಗಿತ್ತು. "ನನಗ ಬಿ.ಪಿ. ಐತಿ ಅಂತ..."

"ಸುಳ್ಳ ಹೇಳಬ್ಯಾಡ. ಬಿ.ಪಿ. ನಿನಗ ಹೋದ ವರ್ಷ ಬಂದೈತಿ."

ನಾನು ನೆಲ ನೋಡಿದೆ. "ಆ ಗ್ರಂಥಿ ಚಿಮ್ಮಟದಾಗ ಒಡೀತಿತ್ತು ಅಕ್ಕಾ. ರಕ್ತ ಬೆರಳಿಗೆ ಬರ್ತಿತ್ತು. ಹೇಸಿಗಿ ಆಗ್ತಿತ್ತು. ಕಾಗದದ ಮ್ಯಾಲೆ ಎಲ್ಲಾ ಸರಿ ಇತ್ತು. ಆದ್ರ ಅದನ್ನ ನನ್ನ ಮೈಯಾಗ ಇಟ್ಕೊಳ್ಳಾಕ ಮನಸ್ಸು ಬರಲಿಲ್ಲ."

"ನನ್ನ ಮೈಯಾಗ ಇಡಾಕ ಬಂತು."

ಅವಳು ಉತ್ತರಕ್ಕೆ ಕಾಯಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಬಾಗಿಲ ಬಳಿ ನಿಂತು, ತಲೆ ಎರಡೂ ಕಡೆ ತಿರುಗಿಸಿ ಚೌಕಟ್ಟನ್ನು ನೋಡಿಕೊಂಡು ಒಳಗೆ ಹೋದಳು. ಈ ಸಲ ಬಡಿಸಿಕೊಳ್ಳಲಿಲ್ಲ. ಪೆಟ್ಟಿಗೆಯ ಮುಂದೆ ನಾನೊಬ್ಬಳೇ ಉಳಿದೆ. ಮಳಗಿಯವರ ಕೋಣೆಯಲ್ಲಿ ಅಸಹ್ಯ ಪಡುವುದು ಸುಲಭವಾಗಿತ್ತು. ಇಲ್ಲಿ ಅದು ಬೇರೆ ಯಾರ ಮೇಲೂ ಹೋಗಿ ಕೂರಲಿಲ್ಲ.

ಅಕ್ಕ ಹೊರಗೆ ಬಂದಾಗ ಕೈಯಲ್ಲಿ ಎದೆಗೆ ಇಟ್ಟುಕೊಂಡಿದ್ದ ಹಳೆಯ ಪಂಚೆಯ ತುಂಡುಗಳಿದ್ದವು, ನಾಲ್ಕು ಮಡಿಕೆಯವು, ಹಾಲಿನಿಂದ ತೊಯ್ದು ಭಾರವಾದವು. ಅಡುಗೆಮನೆಯ ತಕ್ಕಡಿಯನ್ನೂ ತಂದಿದ್ದಳು, ನಾನು ಅಕ್ಕಿ ಬೇಳೆ ಸರಿನೋಡಲು ಇಟ್ಟುಕೊಂಡದ್ದು. ಎರಡನ್ನೂ ನನ್ನ ಮುಂದಿಟ್ಟಳು. ಒಂದು ಹನಿ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿತ್ತು.

"ಗೌರವ್ವಂದೂ ತರಸ್ತೇನಿ. ಕಸೂತಿಗೆ ಬರೋ ಹೆಣ್ಣಮಕ್ಕಳದೂ ತರಸ್ತೇನಿ, ಏಳು ಮಂದೀದು. ಹೆಸರ ಹಚ್ಚಿ, ವಯಸ್ಸ ಬರದು, ನಿನ್ನ ಕಾಗದದ ಜೋಡಿ ಕಳಸು. ನಿನ್ನ ಸಹಿನೂ ಹಾಕು."

ನಾನು ತುಂಡನ್ನು ಎತ್ತಿಕೊಂಡೆ. ಬೆಚ್ಚಗಿತ್ತು. ಹುಳಿವಾಸನೆ ಮುಖಕ್ಕೆ ಬಡಿಯಿತು. ತೇವ ತೆಗೆದೇ ತೂಗಿದ ಹದಿನೆಂಟು ವರ್ಷದ ಅಭ್ಯಾಸ. ನನಗೆ ತಿಳಿಯುವ ಮೊದಲೇ ಕೈಗಳು ಅದನ್ನು ಹಿಂಡಲು ಎರಡೂ ತುದಿ ಹಿಡಿದಿದ್ದವು.

ಅಕ್ಕ ನನ್ನ ಮಣಿಕಟ್ಟನ್ನು ಹಿಡಿದಳು.

"ಹಿಂಡಬ್ಯಾಡ," ಅಂದಳು. "ಹಂಗ ತೂಗು."